ಅಮರಮ್ಮನ ಚೀಲದ ಮಂಕು ಗಾಜು

ನಾನು ಒಂದು ಟ್ಯಾಬು. ನಡುಗಡ್ಡೆಯ ಮಂದಿ ನನ್ನನ್ನು ಹಲಗೆ ಎಂದರು, ಕೆಲವರು ಅಮರಮ್ಮನ ಪಾಟಿ ಎಂದರು, ಮಾನಮ್ಮ ಎಂಬ ಮುದುಕಿ ಮಾತ್ರ ಕೊನೆಯವರೆಗೂ ‘ಕರೀ ಇಟ್ಟಂಗಿ’, ಅಂದರೆ ಕಪ್ಪು ಇಟ್ಟಿಗೆ, ಎಂದೇ ಕರೆದಳು. ಮೂರೂ ಹೆಸರಿಗೆ ನಾನು ಓಗೊಟ್ಟಿದ್ದೇನೆ. ಇಟ್ಟ ಹೆಸರನ್ನು ಬೇಡವೆನ್ನುವ ಬಾಯಿ ಭಗವಂತ ನನಗೆ ಕೊಟ್ಟಿಲ್ಲ.

ನಾನು ಹುಟ್ಟಿದ್ದು ಕಿಟಕಿಯಿಲ್ಲದ ಒಂದು ದೊಡ್ಡ ಶೆಡ್ಡಿನಲ್ಲಿ. ಅಲ್ಲಿ ಎರಡು ಸಾಲುಗಳಿದ್ದವು. ಒಂದು ಸಾಲಿನಲ್ಲಿ ತೆಳ್ಳಗೆ ಬೆಳ್ಳಗೆ ಕನ್ನಡಿಯಂತೆ ಹೊಳೆಯುವವು ಹುಟ್ಟುತ್ತಿದ್ದವು. ಇನ್ನೊಂದರಲ್ಲಿ ನಮ್ಮಂಥವು. ನಮಗೆ ಅಂಚಿನ ಸುತ್ತ ರಬ್ಬರು, ಬಾಯಿಗೆ ಬಿಗಿಯಾದ ಮುಚ್ಚಳ, ಮುಖಕ್ಕೆ ದಪ್ಪ ಗಾಜು. ಬಿಸಿಲಿನಲ್ಲಿ ಕಣ್ಣು ಕುಕ್ಕಬಾರದೆಂದು ಆ ಗಾಜಿನ ಮೇಲೊಂದು ಒರಟು ಲೇಪ. ನನ್ನನ್ನು ನೀರಿನ ತೊಟ್ಟಿಯಲ್ಲಿ ಅರ್ಧ ಗಂಟೆ ಮುಳುಗಿಸಿಟ್ಟರು, ದೂಳಿನ ಪೆಟ್ಟಿಗೆಯಲ್ಲಿ ಹಾಕಿ ಕುಲುಕಿದರು. ಎದ್ದು ಬಂದೆ. ಕಡೆಗೆ ಬಣ್ಣ ನೋಡುವ ಮೇಜು. ಅಲ್ಲಿ ಕುಳಿತಿದ್ದ ಹೆಂಗಸು ಪಕ್ಕದ ಸಾಲಿನದೊಂದನ್ನು ತಂದು, ಅದರಲ್ಲೂ ನನ್ನಲ್ಲೂ ಒಂದೇ ಕೆಂಪು ದಾಸವಾಳವನ್ನು ಮೂಡಿಸಿದಳು. ಅದರಲ್ಲಿ ಹೂವು ಈಗಷ್ಟೇ ಗಿಡದಿಂದ ಕಿತ್ತಂತಿತ್ತು. ನನ್ನಲ್ಲಿ ನಿನ್ನೆ ದೇವರಿಗೇರಿಸಿ ಇಂದು ತೆಗೆದ ಹೂವಿನಂತಿತ್ತು. “ಇದಕ್ಕೆ ಇಷ್ಟು ಸಾಕು” ಎಂದು ಅವಳು ಸರಿ ಗುರುತು ಹಾಕಿದಳು. ಸಾಕು ಎಂಬ ಆ ಒಂದು ಮಾತನ್ನು ಹೊತ್ತುಕೊಂಡು ನಾನು ಲೋಕಕ್ಕೆ ಬಂದೆ.

ನನ್ನ ಪೆಟ್ಟಿಗೆ ಬಿಚ್ಚಿದ್ದು ಕೃಷ್ಣಾ ಹೊಳೆಯ ದಂಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ. ಸಾಮಾನಿನ ಕೋಣೆ ನೋಡಿಕೊಳ್ಳುವ ವಿರುಪಣ್ಣ ಮೇಜಿನ ಮೇಲೆ ಎರಡು ಟ್ಯಾಬುಗಳನ್ನಿಟ್ಟಿದ್ದ. ಒಂದು ತೆಳ್ಳನೆಯದು, ಇನ್ನೊಂದು ನಾನು. ಆರಿಸಿಕೊಳ್ಳಲು ಬಂದವಳು ನರ್ಸ್ ಅಮರಮ್ಮ. ನಲವತ್ತೈದು ದಾಟಿದ ಹೆಂಗಸು, ಹಣೆಯಲ್ಲಿ ವಿಭೂತಿ, ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಯಾವಾಗಲೂ ಹೊರಟು ನಿಂತಂತೆ ಕಾಣುವವಳು. ಅವಳ ಜೊತೆಗೆ ರೇಣುಕಾ ಎಂಬ ಚಿಕ್ಕ ವಯಸ್ಸಿನ ನರ್ಸ್ ಇದ್ದಳು.

“ಎರಡು ಬಗಿ ಬಂದಾವ್ರಿ ಸಿಸ್ಟರ,” ಎಂದ ವಿರುಪಣ್ಣ. “ಇದು ಕನ್ನಡಿ ಇದ್ದಂಗೈತಿ. ಈ ದಪ್ಪಂದರಲೆ ಕಟ್ಟಿಗಿ ಒಡೀಬೌದು.”

“ಯಕ್ಕಾ, ತೆಳ್ಳಂದು ತಗೋ,” ಎಂದಳು ರೇಣುಕಾ. “ಈ ದಪ್ಪಂದರಾಗ ನನ್ನ ಮಾರಿ ನೋಡು, ಸುಟ್ಟ ರೊಟ್ಟಿ ಕಂಡಂಗ ಕಾಣ್ತೈತಿ.”

“ಅದು ಸುಳ್ಳು ಹೇಳಂಗಿಲ್ಲಂತ ಆತು,” ಎಂದಳು ಅಮರಮ್ಮ. ವಿರುಪಣ್ಣ ಬಾಯಿ ಮುಚ್ಚಿಕೊಂಡು ನಕ್ಕ.

ಆದರೆ ಅವಳು ಸುಮ್ಮನೆ ಆರಿಸಲಿಲ್ಲ. ಮೈಮೇಲೆ ದದ್ದು ಎದ್ದ ಕೂಸಿನ ಚಿತ್ರವೊಂದನ್ನು ಎರಡರಲ್ಲೂ ತೆಗೆದು ನೋಡಿದಳು. ತೆಳ್ಳನೆಯದರಲ್ಲಿ ಒಂದೊಂದು ಕೆಂಪು ಚುಕ್ಕೆಯನ್ನೂ ಎಣಿಸಬಹುದಿತ್ತು. ನನ್ನಲ್ಲಿ ದದ್ದು ಇದೆಯೆಂದು ಗೊತ್ತಿದ್ದವರಿಗೆ ಮಾತ್ರ ಕಾಣುವಂತಿತ್ತು. ಅವಳ ಹುಬ್ಬು ಗಂಟಿಕ್ಕಿತು. ಆಮೇಲೆ ಅವಳು ನೀರಿನ ಬಾಟಲಿ ತೆಗೆದು, ವಿರುಪಣ್ಣ “ಯವ್ವಾ, ಸರಕಾರದ ಮಾಲು” ಎನ್ನುವಷ್ಟರಲ್ಲಿ, ನನ್ನ ಮೇಲೆ ಅರ್ಧ ಬಾಟಲಿ ಸುರಿದಳು. ಒದ್ದೆ ಬೆರಳಿನಿಂದಲೇ ಮುಟ್ಟಿದಳು. ನಾನು ಬೆಳಗಿದೆ.

ಅವಳಿಗೆ ಕಾರಣವಿತ್ತು. ಅವಳು ನೋಡಿಕೊಳ್ಳುವ ಊರು ಹೊಳೆಯ ನಡುವಿನ ಕರಿಗುಡ್ಡದ ನಡುಗಡ್ಡೆ. ನೂರಿಪ್ಪತ್ತು ಮನೆ, ಸೇತುವೆಯಿಲ್ಲ. ಬಿದಿರು ಹೆಣೆದು, ತಳಕ್ಕೆ ತಾಡಪತ್ರಿ ಬಿಗಿದು, ಡಾಂಬರು ಬಳಿದ ದುಂಡು ಹರಿಗೋಲೇ ದಾರಿ. ಹೋದ ವರ್ಷ ಅವಳ ಹಳೆಯ ತೆಳ್ಳನೆಯ ಟ್ಯಾಬು ಹರಿಗೋಲಿನಿಂದ ಜಾರಿ ಹೊಳೆಯ ಪಾಲಾಗಿತ್ತು. ನಡುಗಡ್ಡೆಯ ಎಲ್ಲ ಕೂಸುಗಳ ಹುಟ್ಟಿದ ದಿನ, ತೂಕ, ಹಾಕಿದ ಲಸಿಕೆ ಎಲ್ಲವೂ ಅದರೊಡನೆ ಮುಳುಗಿದವು. ಎರಡು ತಿಂಗಳು ಅವಳು ಮನೆ ಮನೆ ತಿರುಗಿ ಮತ್ತೆ ಕೇಳಿ ಮತ್ತೆ ಬರೆದಿದ್ದಳು.

“ಇದ ಇರಲಿ,” ಎಂದಳು. “ರೋಗ ನೋಡಾಕ ನನಗ ಕಣ್ಣದಾವು. ಇದು ಬರಿಯಾಕ. ಇದರಾಗೇನು ಸಿನಿಮಾ ನೋಡೂದೈತಿ?”

ಹಾಗೆ ನಾನು ಅವಳ ಖಾಕಿ ಚೀಲ ಸೇರಿದೆ.

ಮೂರು ವರ್ಷ ನಾವು ಹೊಳೆ ದಾಟಿದೆವು. ಹರಿಗೋಲು ಹತ್ತುವ ಮುಂಚೆ ಅಮರಮ್ಮ ಬಗ್ಗಿ ನೀರು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಹುಟ್ಟು ಹಾಕುವವನು ಅಂಬಿಗರ ತಿಪ್ಪಣ್ಣ, ಮಾತು ಕಡಿಮೆ, ಬೀಡಿ ಜಾಸ್ತಿ. ಮಳೆಯಲ್ಲಿ ಅವಳು ನನ್ನನ್ನು ತಲೆಯ ಮೇಲೆ ಹಿಡಿದುಕೊಂಡದ್ದುಂಟು. ಒಂದು ಮೇಕೆ ನನ್ನ ಪಟ್ಟಿಯನ್ನು ಅರ್ಧ ತಿಂದದ್ದುಂಟು. ಅವಳು ನನ್ನ ಮೇಲೆ ಬರೆದದ್ದು ಒಂದಕ್ಷರವೂ ಅಳಿಯಲಿಲ್ಲ. ಒಳಗೆ ಅಷ್ಟು ಮಕ್ಕಳ ಹೆಸರಿಟ್ಟುಕೊಂಡಿದ್ದ ನನಗೆ ಗರ್ಭಗುಡಿಯಲ್ಲಿ ಕುಳಿತಷ್ಟು ಸಮಾಧಾನವಿತ್ತು.

ಸಮಾಧಾನವಿದ್ದಲ್ಲಿ ಮರೆವು ಮೆಲ್ಲಗೆ ಬಂದು ಕೂರುತ್ತದೆ. ಮೂರನೆಯ ಬೇಸಿಗೆಯಲ್ಲಿ ಅಮರಮ್ಮನಿಗೆ ಕಣ್ಣುರಿ ಶುರುವಾಯಿತು. ರೇಣುಕಾ ನನ್ನ ಮುಖದ ಮೇಲೆ ಬೆರಳೆಳೆದು ಏನೋ ಒತ್ತಿ, “ಇದು ಕಣ್ಣಿಗೆ ತಂಪು, ಯಕ್ಕಾ” ಎಂದಳು. ನನ್ನ ಮುಖವೆಲ್ಲ ಹಳದಿಯಾಯಿತು. “ಏನಿದು, ಎಲ್ಲಾರೂ ಅರಿಷಿಣ ಬಡ್ಕೊಂಡಂಗ ಕಾಣ್ತಾರಲ್ಲ,” ಎಂದು ಅಮರಮ್ಮ ಎರಡು ದಿನ ಗೊಣಗಿದಳು. ಮೂರನೆಯ ದಿನ ರೂಢಿಯಾಯಿತು. ತಿಂಗಳು ಕಳೆಯುವಷ್ಟರಲ್ಲಿ ಹಾಗೆ ಮಾಡಿದ್ದೇ ಮರೆತುಹೋಯಿತು. ಅಂದಿನಿಂದ ನನ್ನ ಗಾಜಿನಲ್ಲಿ ಆರೋಗ್ಯವಂತರೂ ಹಳದಿ, ಗೋಡೆಯೂ ಹಳದಿ, ಅನ್ನವೂ ಹಳದಿ.

ಇನ್ನೊಂದು ಬದಲಾವಣೆಯೂ ಆಗಿತ್ತು. ಹೊಸದಾಗಿ ಬಂದ ನಿಯಮದಂತೆ ಕೂಸಿನ ಚಿತ್ರ ತೆಗೆದ ಮೇಲೆಯೇ ಮುಂದಿನ ಸಾಲು ತೆರೆಯುತ್ತಿತ್ತು. ಹಾಗಾಗಿ ಅವಳು ಮೊದಲು ನನ್ನನ್ನು ನೋಡತೊಡಗಿದಳು, ಆಮೇಲೆ ಕೂಸನ್ನು. ಕೆಲವು ದಿನ ಆಮೇಲಿನದು ಇರುತ್ತಲೇ ಇರಲಿಲ್ಲ. ನಾನದನ್ನು ಕಂಡೆ. ಹೇಳಲಾರದೆ ಹೋದೆ.

ಆ ವರ್ಷ ಶ್ರಾವಣದ ಒಂದು ಗುರುವಾರ. ಹೊಳೆ ತುಂಬಿತ್ತು. ದಂಡೆಯ ಮೇಲೆ ಜೀಪೊಂದು ಮೈಕಿನಲ್ಲಿ ಸಾರುತ್ತಾ ಹೋಯಿತು: ಮೇಲಿನ ಅಣೆಕಟ್ಟಿನ ಗೇಟು ಎತ್ತಿದ್ದಾರೆ, ಮಧ್ಯಾಹ್ನ ಎರಡು ಗಂಟೆಗೆ ನೀರು ಬರುತ್ತದೆ, ಯಾರೂ ಹೊಳೆಗೆ ಇಳಿಯಬಾರದು. ಆಗ ಹನ್ನೊಂದು ಗಂಟೆ.

“ಹೋಗಿ ಬರಾಕ ಆಗ್ತೈತೇನು ತಿಪ್ಪಣ್ಣ?” ಎಂದಳು ಅಮರಮ್ಮ.

“ಹೋಗೂದು ಆಗ್ತೈತಿ. ಬರೂದು ನಿನ್ನ ಮಾತಿನ ಮ್ಯಾಲೈತಿ. ಮಾನಮ್ಮನ ಮನ್ಯಾಗ ಕುಂತರ ಎದ್ದೇಳಂಗಿಲ್ಲ ನೀನು.”

ಮಾನಮ್ಮನ ಮಗಳು ಹುಲಿಗೆಮ್ಮ ಚೊಚ್ಚಲ ಬಾಣಂತಿ. ತಾಲ್ಲೂಕಿನ ಆಸ್ಪತ್ರೆಯಲ್ಲಿ ಹೆಣ್ಣು ಕೂಸು ಹೆತ್ತು, ಹಿಂದಿನ ದಿನವಷ್ಟೇ ತವರಿಗೆ ಬಂದಿದ್ದಳು. ಕೂಸಿಗೆ ಅಂದು ನಾಲ್ಕನೆಯ ದಿನ. ಮರುದಿನ ಐದನೆಯದು, ಶೆಟಿಗೆವ್ವ ತಾಯಿ ಬಂದು ಕೂಸಿನ ಹಣೆಯ ಮೇಲೆ ಬದುಕನ್ನೆಲ್ಲ ಬರೆದು ಹೋಗುವ ದಿನ.

ಮಾನಮ್ಮನ ಮನೆಗೊಂದು ಕಟ್ಟಳೆ ಇತ್ತು. ಹೊಳೆ ದಾಟಿ ಬಂದವರು ಕಾಲು ತೊಳೆದು, ಒಲೆಯ ಮುಂದೆ ಕೂತು ಮೈ ಬೆಚ್ಚಗಾದ ಮೇಲೆಯೇ ಕೂಸನ್ನು ಮುಟ್ಟಬೇಕು. ಹೊಳೆಯ ತಂಪು ಎಳೆ ಮೈಗೆ ತಗಲಬಾರದು. ಅಮರಮ್ಮ ಅದನ್ನು ಎಂದೂ ಮೀರಿದವಳಲ್ಲ. ಒಲೆಯ ಮುಂದೆ ಕೂತು ಚಹಾ ಕುಡಿದು, ಊರ ಸುದ್ದಿ ಕೇಳಿ, ಆಮೇಲೆ ಕೂಸನ್ನು ತೊಡೆಗೆ ಹಾಕಿಕೊಳ್ಳುತ್ತಿದ್ದಳು. ಅಂದು ಹೊತ್ತಿರಲಿಲ್ಲ.

“ಹಸೀ ಮೈಲೆ ಒಳಗ ಬರಬ್ಯಾಡವ್ವ,” ಎಂದಳು ಮಾನಮ್ಮ ಬಾಗಿಲಲ್ಲಿ ಅಡ್ಡ ನಿಂತು.

“ಬರಂಗಿಲ್ಲ. ಇಲ್ಲಿಂದಾನ ಪೋಟೋ ಹೊಡ್ಕೊಂತೀನಿ.”

ಬಾಣಂತಿ ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದ್ದರು. ಕತ್ತಲಲ್ಲಿ ಬಿಳಿಯ ಬಟ್ಟೆಯ ಮೇಲೆ ಕೂಸು ಮಲಗಿತ್ತು. ಎಣ್ಣೆ, ಅರಿಷಿಣ ಹಚ್ಚಿ ಎರೆದ ಮೈ. ಅಮರಮ್ಮ ಹೊಸಿಲಾಚೆಯಿಂದ ತೋಳು ಚಾಚಿ ನನ್ನನ್ನು ಹಿಡಿದಳು. ನನ್ನ ಬೆಳಕು ಛಕ್ಕೆಂದು ಹತ್ತಿತು. ಕೂಸು ಒಂದು ಗಳಿಗೆ ಕಣ್ಣು ಬಿಟ್ಟು ಮತ್ತೆ ಮುಚ್ಚಿತು.

“ಹಾಲು ಕುಡಿತೈತೇನು?”

“ಕುಡಿತೈತಿ. ಬಂಗಾರದಂಥ ಕೂಸು. ಬರೀ ನಿದ್ದಿ. ಅಳಂಗನ ಇಲ್ಲ.”

ಅಮರಮ್ಮ ನನ್ನ ಮುಖ ನೋಡಿದಳು. ನನ್ನಲ್ಲಿ ಆ ಕೂಸು ಎಲ್ಲ ಕೂಸುಗಳಂತೆಯೇ ಕಂಡಿತು. ‘ಮೈ ಬಣ್ಣ’ ಎಂಬ ಸಾಲಿನ ಮುಂದೆ ‘ಸಾಮಾನ್ಯ’ ಎಂಬುದನ್ನು ಒತ್ತಿ, “ಚಲೋ ಐತಿ” ಎಂದು ಹೇಳಿ, ನನ್ನನ್ನು ಚೀಲಕ್ಕೆ ಹಾಕಿಕೊಂಡು ದಂಡೆಯ ಕಡೆ ಹೆಜ್ಜೆ ಹಾಕಿದಳು.

ಚೀಲದ ಕತ್ತಲಲ್ಲಿ ನಾನು ಒದ್ದಾಡಿದೆ. ಏಕೆಂದರೆ ನನ್ನ ಒಳಗೆ ಚಿತ್ರ ಸರಿಯಾಗಿಯೇ ಇತ್ತು. ಕೆಟ್ಟಿದ್ದುದು ಮುಖ, ಕಣ್ಣಲ್ಲ. ಕಂಡದ್ದನ್ನು ಕಂಡಂತೆ ತೋರಿಸಲಾಗದವನ ಪಾಡು ಏನೆಂದು ಆ ದಿನ ತಿಳಿದೆ.

ನಡುಗಡ್ಡೆಯಲ್ಲಿ ಸಿಗ್ನಲ್ ಇಲ್ಲ. ಹರಿಗೋಲು ಹೊಳೆಯ ನಡುವಿಗೆ ಬಂದಾಗ ಮಾತ್ರ ಅದು ಸಿಗುತ್ತಿತ್ತು. ಸಿಕ್ಕಿದ್ದೇ ತಡ, ಚಿತ್ರ ನನ್ನಿಂದ ಹೊರಟು ಆಸ್ಪತ್ರೆಯ ಡಾಕ್ಟರ್ ಸಮೀನಾ ಅವರ ಮೇಜಿನ ದೊಡ್ಡ ಪರದೆಗೆ ಹೋಯಿತು. ಎರಡು ನಿಮಿಷವೂ ಆಗಿರಲಿಲ್ಲ, ನಾನು ಚೀಲದಲ್ಲಿ ಮೊಳಗಿದೆ.

“ಸಿಸ್ಟರ್, ಆ ಹುಲಿಗೆಮ್ಮನ ಕೂಸು ಹಳದಿ ಐತಲ್ಲ.”

“ಅರಿಷಿಣ ಹಚ್ಚಿ ಎರದಾರ್ರಿ ಮೇಡಂ.”

“ಕಣ್ಣಿನ ಬಿಳಿ ಗುಡ್ಡಿಗೂ ಅರಿಷಿಣ ಹಚ್ತಾರೇನ್ರಿ?”

ಅಮರಮ್ಮ ಚಿತ್ರ ತೆಗೆದಳು. ದೊಡ್ಡದು ಮಾಡಿದಳು. ಕಣ್ಣು ನೋಡಿದಳು. ಅದು ಹಳದಿ. ಆದರೆ ಕೂಸಿನ ಕೆಳಗಿನ ಬಟ್ಟೆಯೂ ಹಳದಿ. ಅವಳ ಬೆರಳು ಆ ಬಟ್ಟೆಯ ಮೇಲೆ ನಿಂತುಬಿಟ್ಟಿತು. ಬಟ್ಟೆ ಬಿಳಿಯದೆಂದು ಅವಳು ತನ್ನ ಕಣ್ಣಾರೆ ನೋಡಿದ್ದಳು. ಆಗ ನೆನಪಾಯಿತು. ಬೆರಳೆಳೆದು, ರೇಣುಕಾ ಒತ್ತಿದ್ದನ್ನು ಹುಡುಕಿ ಒತ್ತಿದಳು. ನನ್ನ ಮುಖದ ಹಳದಿ ಇಳಿಯಿತು. ಬಟ್ಟೆ ಬಿಳಿಯಾಯಿತು. ಕೂಸು ಬಿಳಿಯಾಗಲಿಲ್ಲ.

“ನಾ ಸಾಮಾನ್ಯ ಅಂತ ಬರದೀನಿ ಮೇಡಂ,” ಎಂದಳು. ದನಿ ಸಣ್ಣಗಾಗಿತ್ತು.

“ಅದು ಆಮ್ಯಾಲೆ. ಕಾಮಾಲಿ ಹೌದೋ ಅಲ್ಲೋ ಪೋಟೋದಾಗ ಖಾತ್ರಿ ಆಗಂಗಿಲ್ಲ. ತಿರುಗಿ ಹೋಗ್ರಿ. ಮೈ ಒರಸಿ, ಬೆಳಕಿಗೆ ತಂದು, ಮೂಗಿನ ಮ್ಯಾಲೆ ಒತ್ತಿ ನೋಡ್ರಿ. ಅಂಗಾಲು ನೋಡ್ರಿ. ಅಂಗಾಲಿಗಿ ಇಳಿದಿದ್ರ ಒಂದು ಗಳಿಗಿನೂ ನಿಲ್ಲಬ್ಯಾಡ್ರಿ. ಇದು ಮೆದುಳಿಗೆ ಏರ್ತೈತಿ.”

ತಿಪ್ಪಣ್ಣ ಎಲ್ಲ ಕೇಳಿಸಿಕೊಂಡಿದ್ದ. ಅವನು ಬೀಡಿಯನ್ನು ನೀರಿಗೆಸೆದು ಹರಿಗೋಲನ್ನು ತಿರುಗಿಸಿದ.

ಈ ಸಲ ಅಮರಮ್ಮ ಹೊಸಿಲಲ್ಲಿ ನಿಲ್ಲಲಿಲ್ಲ. ಒಲೆಯ ಮುಂದೆ ಕೈ ಕಾಯಿಸಿಕೊಂಡು ನೇರ ಕೋಣೆಗೆ ಹೋದಳು. ಬೆಚ್ಚನೆಯ ನೀರಿನಲ್ಲಿ ಬಟ್ಟೆ ಅದ್ದಿ ಕೂಸಿನ ಮುಖ, ಎದೆ, ಕಾಲು ಒರೆಸಿದಳು. ಅರಿಷಿಣ ಬಟ್ಟೆಗೆ ಬಂತು. ಕೂಸನ್ನೆತ್ತಿ ತಲೆಬಾಗಿಲ ಬೆಳಕಿಗೆ ತಂದಳು. ಮೂಗಿನ ತುದಿಯನ್ನು ಮೆಲ್ಲನೆ ಒತ್ತಿ ಬಿಟ್ಟಳು. ಒತ್ತಿದ ಜಾಗ ಬೆಳ್ಳಗಾಗಬೇಕಿತ್ತು, ಹಳದಿಯಾಗಿತ್ತು. ಎದೆ ಒತ್ತಿದಳು, ಹಳದಿ. ಅಂಗಾಲು ಒತ್ತಿದಳು. ನಾನು ಪಕ್ಕದ ಕಟ್ಟೆಯ ಮೇಲಿದ್ದೆ. ಅವಳ ಮುಖವನ್ನು ಕೆಳಗಿನಿಂದ ನೋಡಿದೆ. ಅಂಗಾಲಿನಲ್ಲಿ ಏನು ಕಂಡಳೆಂದು ಆ ಮುಖವೇ ಹೇಳಿತು. ಕಾಲಿಗೆ ಚಿವುಟಿದಳು. ಕೂಸು ಅಳಲಿಲ್ಲ, ತುಟಿ ಮಾತ್ರ ಅಲುಗಿತು.

“ನಡೀರಿ, ಹೊಳಿ ದಾಟಬೇಕು. ಈಗ.”

“ಹುಚ್ಚು ಹಿಡಿದೈತೇನು ನಿನಗ?” ಎಂದಳು ಮಾನಮ್ಮ. “ನಾಳಿ ಐದನೇ ದಿನ. ಶೆಟಿಗೆವ್ವ ಬಂದು ನೋಡಿದರ ಕೂಸಿಲ್ಲ. ಹಣೀಮ್ಯಾಲೆ ಏನೂ ಬರೀದಿದ್ದರ ನಾಳಿಂದ ಆ ಕೂಸಿಗೆ ಏನೈತಿ? ಈಗಷ್ಟ ಚಲೋ ಐತಿ ಅಂತ ಹೇಳಿ ಹೋದಿ.”

“ತಪ್ಪಾತು ಯವ್ವಾ. ನೋಡದ ಹೇಳಿದೆ.”

“ಎರಡು ಕಣ್ಣು ಇಟ್ಕೊಂಡು ಆ ಕರೀ ಇಟ್ಟಂಗ್ಯಾಗ ನೋಡಿದಿ. ಈಗ ಯಾವ ಕಣ್ಣು ನಂಬಲಿ ನಾನು?”

ಅಮರಮ್ಮ ಕೂಸನ್ನು ಮುದುಕಿಯ ಕೈಗೇ ಕೊಟ್ಟಳು. “ನಿನ್ನ ಕಣ್ಣ ನಂಬು. ಮೂಗಿನ ಮ್ಯಾಲೆ ಒತ್ತು. ನಿನ್ನ ಮಗಳ ಮೂಗಿನ ಮ್ಯಾಲೂ ಒತ್ತು. ಎರಡೂ ಒಂದ ಬಣ್ಣ ಆದರ ನಾ ಸುಮ್ಮನ ಹೋಗ್ತೀನಿ.”

ಮಾನಮ್ಮ ಒತ್ತಿದಳು. ಮಗಳದನ್ನು ಒತ್ತಿದಳು, ಮತ್ತೆ ಕೂಸಿನದನ್ನು. ಎರಡರ ಬಣ್ಣ ಒಂದಾಗಲಿಲ್ಲ. ಆದರೂ ಹಟ ಬಿಡಲಿಲ್ಲ. “ಒಂದ ದಿನ. ನಾಳಿ ಪೂಜಿ ಮುಗಿಸಿ ನಾನ ಹೊತ್ಕೊಂಡು ಬರ್ತೀನಿ.”

“ಯವ್ವಾ,” ಎಂದು ಅಮರಮ್ಮ ಮುದುಕಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. “ಶೆಟಿಗೆವ್ವ ಮನಿ ನಂಬರ್ ನೋಡಿ ಬರ್ತಾಳೇನು? ಕೂಸು ಎಲ್ಲೈತಿ ಅಲ್ಲಿ ಬರ್ತಾಳ.”

“ದವಾಖಾನಿಗೂ?”

“ಅಲ್ಲಿಗೇ ಮೊದಲು ಬರ್ತಾಳ. ಈಗ ಕೂಸು ಹುಟ್ಟೂದು ಎಲ್ಲಾ ಅಲ್ಲೇ ಅಲ್ಲೇನು?”

ಮಾನಮ್ಮ ಯೋಚನೆಗೆ ಬಿದ್ದಳು. ಅಷ್ಟರಲ್ಲಿ ಹುಲಿಗೆಮ್ಮ ಎದ್ದು ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಹೆತ್ತಂದಿನಿಂದ ಒಂದು ಮಾತೂ ಜೋರಾಗಿ ಆಡದ ಹುಡುಗಿ ಅವಳು. “ಅವ್ವ, ಪೂಜಿ ಸಾಮಾನು ಕಟ್ಕೊ. ನಾ ಹೊಂಟೆ,” ಎಂದು ಕೂಸನ್ನು ತೆಗೆದುಕೊಂಡು ಹೊಸಿಲು ದಾಟಿದಳು. ಮುದುಕಿ ಗೊಣಗುತ್ತಲೇ ಅರಿಷಿಣ, ಕುಂಕುಮ, ಬಿಳಿ ಹಾಳೆ, ಪೆನ್ನು, ಹಸಿ ನೂಲು ಎಲ್ಲವನ್ನೂ ಗಂಟು ಕಟ್ಟಿಕೊಂಡು ಹಿಂದೆ ಓಡಿದಳು.

ದಂಡೆಗೆ ಬಂದಾಗ ಒಂದೂಕಾಲು. ತಿಪ್ಪಣ್ಣ ನೀರಿನ ಕಡೆ ನೋಡುತ್ತಾ ನಿಂತಿದ್ದ.

“ಹೊಳಿ ಬಣ್ಣ ಬದಲಾತು,” ಎಂದ. “ಹೇಳಿದ ಟೈಮಿಗಿಂತ ಮುಂಚೇನ ಬರಾಕತ್ತೈತಿ.”

ನನಗೆ ಆ ಬದಲಾವಣೆ ಕಾಣಲಿಲ್ಲ. ಅವನಿಗೆ ಕಂಡಿತು. ಬೂದು ನೀರಿನೊಳಗೆ ಕೆಂಪು ಎಳೆಯೊಂದು ಬೆರೆತದ್ದನ್ನು ಅವನು ಬರಿಗಣ್ಣಿನಲ್ಲಿ ಓದಿದ್ದ.

“ದಾಟಸ್ತೀಯೇನು?”

“ಕುಂಡ್ರಿ. ಅಲುಗಬ್ಯಾಡ್ರಿ. ದೇವರು ಕೇಳಿದರ ನಾನ ಮಾತಾಡ್ತೀನಿ.”

ನಡು ಹೊಳೆಗೆ ಬರುವಷ್ಟರಲ್ಲಿ ನೀರು ಉಬ್ಬಿತು. ಹರಿಗೋಲು ಬೀಸುಕಲ್ಲಿನಂತೆ ತಿರುಗತೊಡಗಿತು. ಒಂದು ಸುತ್ತು, ಎರಡು ಸುತ್ತು. ದಂಡೆ ಯಾವ ಕಡೆಯೆಂದೇ ತಿಳಿಯದಾಯಿತು. ಅಂಚಿನ ಮೇಲಿಂದ ನೀರು ಒಳಗೆ ಬಿತ್ತು. ಮಾನಮ್ಮ ಗಂಟನ್ನು ತಲೆಯ ಮೇಲಿಟ್ಟುಕೊಂಡು ಶಿವ ಶಿವ ಎನ್ನುತ್ತಿದ್ದಳು. ಹುಲಿಗೆಮ್ಮ ಕೂಸನ್ನು ಸೀರೆಯೊಳಗೆ ಹುದುಗಿಸಿ ಮೈಯೆಲ್ಲ ಬಗ್ಗಿಸಿ ಕುಳಿತಿದ್ದಳು. ಅಮರಮ್ಮ ಒಂದು ಕೈಯಿಂದ ನನ್ನನ್ನು ಕೂಸಿನ ಮುಖದ ಮೇಲೆ ಸೂರಿನಂತೆ ಹಿಡಿದಳು. ಎರಚಿದ ನೀರೆಲ್ಲ ನನ್ನ ಬೆನ್ನಿಗೆ ಬಡಿಯಿತು. ನನ್ನ ಕೆಳಗೆ, ಗೇಣು ದೂರದಲ್ಲಿ, ಆ ಕೂಸಿನ ಉಸಿರು ನನ್ನ ಗಾಜನ್ನು ಮಸುಕು ಮಾಡಿತು. ಮಸುಕು ಮೂಡಿತು, ಆರಿತು. ಮತ್ತೆ ಮೂಡಲು ತಡವಾಯಿತು. ನಾನು ಕಾದೆ. ಮೂಡಿತು.

ಅಷ್ಟರಲ್ಲಿ ಸಿಗ್ನಲ್ ಬಂತು. ಅವಳು ನನ್ನನ್ನು ತಿರುಗಿಸದೆಯೇ, ನೀರು ಸೋರುವ ಹೆಬ್ಬೆರಳಿನಿಂದ ಕೆಳಗಿನಿಂದಲೇ ಒತ್ತಿದಳು. ಬೇರೆ ಯಾವ ಗಾಜಾದರೂ ಆ ಒದ್ದೆ ಬೆರಳಿಗೆ ಕಿವುಡಾಗುತ್ತಿತ್ತು. ನಾನು ಒಪ್ಪಿಕೊಂಡೆ. “ಅಂಗಾಲಿಗಿ ಇಳಿದೈತಿ ಮೇಡಂ. ಹೊಳ್ಯಾಗ ಅದೀವಿ. ಗಾಡಿ ದಂಡಿಗೆ ಕಳಸ್ರಿ,” ಎಂದಳು.

ದಂಡೆ ಮುಟ್ಟಿದಾಗ ನಾವು ಇಳಿಯಬೇಕಾದ ಜಾಗಕ್ಕಿಂತ ಎರಡು ಹೊಲದಷ್ಟು ಕೆಳಗಿದ್ದೆವು. ಆಂಬುಲೆನ್ಸಿನವನು ಕೂಗುತ್ತಾ ಮುಳ್ಳಿನ ನಡುವೆ ಓಡಿಬಂದ. ತಿಪ್ಪಣ್ಣ ಹರಿಗೋಲನ್ನು ಮೇಲೆಳೆದು ಅದರ ಪಕ್ಕದಲ್ಲೇ ಮಲಗಿಬಿಟ್ಟ.

ತಾಲ್ಲೂಕಿನ ಆಸ್ಪತ್ರೆಯಲ್ಲಿ ರಕ್ತ ನೋಡಿ, ಕೂಸಿನ ಕಣ್ಣಿಗೆ ಪಟ್ಟಿ ಕಟ್ಟಿ, ನೀಲಿ ದೀಪದ ಕೆಳಗೆ ಮಲಗಿಸಿದರು. ಅಲ್ಲಿನ ಮಕ್ಕಳ ಡಾಕ್ಟರು ಅಮರಮ್ಮನ ಕಡೆ ತಿರುಗಿ, “ನಾಳೆ ತಂದಿದ್ದರೆ…” ಎಂದು ಅಲ್ಲಿಗೇ ನಿಲ್ಲಿಸಿದರು. ಅವಳು ಗೋಡೆಗೊರಗಿ ನಿಂತಿದ್ದಳು. ನನ್ನನ್ನು ಎದೆಗವಚಿಕೊಂಡಿದ್ದರೂ ಅವಳ ಬೆರಳುಗಳಿಗೆ ನಾನು ಅಲ್ಲಿರುವುದೇ ಗೊತ್ತಿರಲಿಲ್ಲ.

ಮರುದಿನ ದೀಪ ಹಚ್ಚುವ ಹೊತ್ತಿಗೆ ಮಾನಮ್ಮ ಕೂಸಿನ ತೊಟ್ಟಿಲ ಬುಡದಲ್ಲಿ ನೆಲ ಒರೆಸಿ, ಅರಿಷಿಣದಲ್ಲಿ ಗೆರೆ ಎಳೆದು, ಬಿಳಿ ಹಾಳೆ ಪೆನ್ನು ಇಟ್ಟಳು. ಎಣ್ಣೆ ದೀಪ ಹಚ್ಚಕೂಡದೆಂದು ಅಲ್ಲಿನ ನರ್ಸಮ್ಮ ಗದರಿದಳು. “ಇರಲಿ ಬಿಡು,” ಎಂದಳು ಮಾನಮ್ಮ, ನೀಲಿ ಬೆಳಕನ್ನು ತೋರಿಸುತ್ತಾ. “ಇಷ್ಟು ಬೆಳಕಿನ್ಯಾಗ ಶೆಟಿಗೆವ್ವಗ ಅಕ್ಷರ ಚಲೋ ಕಾಣ್ತಾವು.” ಅಮರಮ್ಮ ಕೈಮುಗಿದು ನಿಂತಳು. ಅವಳು ಏನು ಬೇಡಿದಳೋ ನಾನು ಕೇಳಲಿಲ್ಲ. ಬೇಡಿ ಮುಗಿಯಲು ಬಹಳ ಹೊತ್ತಾಯಿತು.

ಆಸ್ಪತ್ರೆ ಸೇರಿದ ಮೂರನೆಯ ದಿನ ಕೂಸು ಅತ್ತಿತು. ಆರನೆಯ ದಿನ ಮನೆಗೆ ಕಳಿಸುವಾಗ ಡಾಕ್ಟರು ಇನ್ನೊಂದು ಮಾತು ಹೇಳಿದರು. ಇಷ್ಟು ಏರಿದ ಹಳದಿ ಕೆಲವೊಮ್ಮೆ ಕಿವಿಯನ್ನು ಕೆಡಿಸುತ್ತದೆ. ಜಿಲ್ಲೆಯ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷಿಸುವ ಯಂತ್ರವಿದೆ, ಹೊಳೆ ಇಳಿದ ಮೇಲೆ ತೋರಿಸಿ. ಕೂಸು ಬದುಕಿತು ಎಂಬ ಸಂತೋಷ ಅಮರಮ್ಮನ ಮುಖದಲ್ಲಿ ಹುಟ್ಟಿದ ಜಾಗದಲ್ಲೇ ನಿಂತಿತು.

ಹೊಳೆ ಇಳಿಯಲು ಮೂರು ತಿಂಗಳು ಹಿಡಿಯಿತು. ಯಂತ್ರದವರು ಕೊಟ್ಟ ದಿನ ಇನ್ನೂ ಮುಂದೆ ಹೋಯಿತು. ಅಷ್ಟರಲ್ಲಿ ಕೂಸಿಗೆ ಕೃಷ್ಣವ್ವ ಎಂದು ಹೆಸರಿಟ್ಟಿದ್ದರು. ಹೊಳೆ ಸ್ವಲ್ಪ ತಣ್ಣಗಾದ ದಿನವೆಲ್ಲ ಅಮರಮ್ಮ ಹೋದಳು. ಮೊದಲು ಒಲೆಯ ಮುಂದೆ ಕೂತು ಮೈ ಕಾಯಿಸಿಕೊಳ್ಳುವಳು. ಆಮೇಲೆ ಕೂಸಿನ ಹಿಂದೆ ಕೂತು ಚಪ್ಪಾಳೆ ತಟ್ಟುವಳು. ಕೂಸು ಒಮ್ಮೆ ತಿರುಗಿದಂತಾಗುವುದು. “ಕೇಳ್ತು” ಎನ್ನುವಳು ಹುಲಿಗೆಮ್ಮ. “ನೆರಳು ಕಂಡಿರ್ತೈತಿ” ಎನ್ನುವಳು ಅಮರಮ್ಮ. ಇನ್ನೊಮ್ಮೆ ತಟ್ಟಿದರೆ ಕೂಸು ತನ್ನ ಮುಷ್ಟಿ ಚೀಪುತ್ತಾ ಸುಮ್ಮನಿರುವುದು. ನನ್ನ ಮೇಲೆ ‘ಸದ್ದಿಗೆ ತಿರುಗುತ್ತದೆಯೇ’ ಎಂಬ ಸಾಲು ಖಾಲಿಯಾಗಿಯೇ ಉಳಿಯಿತು. ಕಣ್ಣಾರೆ ಕಾಣದ್ದನ್ನು ಅವಳು ಒತ್ತುತ್ತಿರಲಿಲ್ಲ. ಮಾನಮ್ಮ ಈಗ ಬೈಯುತ್ತಿರಲಿಲ್ಲ. ಅದೇ ಅಮರಮ್ಮನಿಗೆ ಹೆಚ್ಚು ಭಾರವಾಗಿತ್ತು.

ಕೂಸಿಗೆ ಐದು ತಿಂಗಳು ತುಂಬಿದ ಒಂದು ಮುಂಜಾನೆ. ಅಂಗಳದ ಚಪ್ಪಡಿಯ ಮೇಲೆ ಕೌದಿ ಹಾಸಿ ಕೃಷ್ಣವ್ವನನ್ನು ಮಲಗಿಸಿದ್ದರು. ಅವಳು ಅವ್ವನ ಕೈಯ ಹಸಿರು ಬಳೆಗಳನ್ನು ನೋಡುತ್ತಿದ್ದಳು. ಅವಳ ತಲೆಯ ಹಿಂದೆ, ಕಟ್ಟೆಯ ಮೇಲೆ ಅಮರಮ್ಮ. ತೊಡೆಯ ಮೇಲೆ ನಾನು. ಯಂತ್ರದ ದಿನಕ್ಕೆ ಇನ್ನೊಂದು ವಾರವಿತ್ತು. ಅಮರಮ್ಮ ನೀರಿನ ಬಾಟಲಿ ತೆಗೆಯಲೆಂದು ಪಕ್ಕಕ್ಕೆ ವಾಲಿದಳು. ನಾನು ಸೀರೆಯ ಮೇಲೆ ಜಾರಿದೆ. ಹಿಡಿಯಲು ಬಂದ ಅವಳ ಕೈ ತಪ್ಪಿತು.

ಚಪ್ಪಡಿಗೆ ಮೂಲೆ ಬಡಿದು ಬಿದ್ದೆ. ಅಂಗಳವೆಲ್ಲ ಧಡ್ ಎಂದಿತು.

ಕೌದಿಯ ಮೇಲಿನ ಕೂಸು ಎರಡೂ ಕೈ ಅಗಲಿಸಿ ಬೆಚ್ಚಿತು. ಬಳೆಗಳನ್ನು ಬಿಟ್ಟು ಕತ್ತು ಹೊರಳಿಸಿತು, ಸರಿಯಾಗಿ ನಾನು ಬಿದ್ದ ಕಡೆಗೆ. ನನ್ನನ್ನು ನೋಡಿತು. ಕೆಳತುಟಿ ಮುಂದೆ ಬಂತು. ಆಮೇಲೆ ಅಳು.

ಯಾರೂ ಅಲುಗಲಿಲ್ಲ. ಕೂಸು ಅಳಲೆಂದು ಎಲ್ಲರೂ ಬಿಟ್ಟಿದ್ದರು.

“ಇದಕ್ಕ ನೆರಳು ಅಂತೀಯೇನು?” ಎಂದಳು ಮಾನಮ್ಮ, ಬಹಳ ಮೆಲ್ಲಗೆ.

ಅಮರಮ್ಮ ಕಟ್ಟೆಯಿಂದಿಳಿದಳು. ಮೊದಲ ಸಲ ಅವಳು ಬಿದ್ದ ನನ್ನನ್ನು ಎತ್ತಿಕೊಳ್ಳಲಿಲ್ಲ, ನನ್ನನ್ನು ದಾಟಿ ಹೋಗಿ ಕೂಸನ್ನೆತ್ತಿಕೊಂಡಳು. ಸಮಾಧಾನ ಮಾಡಿ ಮತ್ತೆ ಮಲಗಿಸಿದಳು. ಆದರೂ ಅವಳ ಮನಸ್ಸು ಒಪ್ಪಲಿಲ್ಲ. ಹಿಂದೆ ಬಂದು, ಸೆರಗಿನ ಮರೆಯಲ್ಲಿ ಸ್ಟೀಲಿನ ಲೋಟವನ್ನು ತಾಟಿಗೆ ಬಡಿದಳು. ಕತ್ತು ತಿರುಗಿತು. ಎಡಗಡೆ ಬಡಿದಳು, ಎಡಕ್ಕೆ ತಿರುಗಿತು. ಅವಳು ಲೋಟವನ್ನು ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಹುಲಿಗೆಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು.

“ಕರೀ ಇಟ್ಟಂಗಿ ಇವತ್ತರ ಕೆಲಸಕ್ಕ ಬಂತು,” ಎಂದು ಮಾನಮ್ಮ ನನ್ನನ್ನೆತ್ತಿ ಸೆರಗಿನಿಂದ ಒರೆಸಿದಳು.

ಮುಂದಿನ ವಾರ ಯಂತ್ರವೂ ಅದನ್ನೇ ಹೇಳಿತು.

ಬಿದ್ದ ಆ ಏಟಿಗೆ ನನ್ನ ಮೂಲೆಯಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಬಿಟ್ಟಿತ್ತು. ಮೊದಲು ಯಾರಿಗೂ ಕಾಣಲಿಲ್ಲ. ಎರಡು ಮಳೆಗಾಲದಲ್ಲಿ ಹೊಳೆ ಆ ದಾರಿಯಲ್ಲಿ ಹನಿ ಹನಿಯಾಗಿ ಒಳಗೆ ಬಂದಿತು. ಮೂಲೆಯಲ್ಲಿ ಹುಟ್ಟಿದ ಕಪ್ಪು ಕಲೆ ಹರಡುತ್ತಾ ಹರಡುತ್ತಾ ಮುಖವನ್ನೆಲ್ಲ ಮುಚ್ಚಿತು. ಒಳಗಿನ ಹೆಸರುಗಳನ್ನು ಅಮರಮ್ಮ ಅದಕ್ಕೂ ಮೊದಲೇ ಹೊಸದೊಂದಕ್ಕೆ ದಾಟಿಸಿದ್ದಳು. ನನ್ನಲ್ಲಿ ಒಂದೂ ಉಳಿಯಲಿಲ್ಲ, ದಾಟುವಾಗ ಒಂದೂ ಕಳೆಯಲಿಲ್ಲ.

ಈಗ ನಾನು ನಡುಗಡ್ಡೆಯ ಅಂಗನವಾಡಿಯ ಗೂಡಿನಲ್ಲಿದ್ದೇನೆ. ತಿಂಗಳಿಗೊಂದು ಗುರುವಾರ ಲಸಿಕೆಯ ದಿನ. ಅಮರಮ್ಮ ಬಂದು ಒಲೆಯ ಮುಂದೆ ಕೈ ಕಾಯಿಸಿಕೊಳ್ಳುತ್ತಾಳೆ, ಕೂಸುಗಳನ್ನು ಒಂದೊಂದಾಗಿ ಬಾಗಿಲ ಬೆಳಕಿಗೆ ತಂದು ಕಣ್ಣು ನೋಡುತ್ತಾಳೆ, ಮೂಗು ಒತ್ತುತ್ತಾಳೆ, ಎಲ್ಲ ಆದ ಮೇಲೆಯೇ ಹೊಸ ಟ್ಯಾಬು ಹೊರಗೆ ಬರುತ್ತದೆ. ನನ್ನ ಮುಖದಲ್ಲೀಗ ಯಾರಿಗೂ ಏನೂ ಕಾಣುವುದಿಲ್ಲ. ತೋರಿಸುವ ಭಾರವೂ ಇಲ್ಲ. ಬೇರೆಯವರ ಕಣ್ಣಾಗಲು ಹೊರಟವನು ತನ್ನ ಮಂಕನ್ನು ಮೊದಲು ಒಪ್ಪಿಕೊಳ್ಳಬೇಕು. ಅದನ್ನು ಹೇಳಲು ನನಗೆ ಬಾಯಿರಲಿಲ್ಲ, ಕೂಸೊಂದರ ಮೈಯಲ್ಲಿ ಅದು ಬರೆದು ಬಂತು. ಭಗವಂತ ಅಷ್ಟಕ್ಕೇ ನಿಲ್ಲಿಸಿದ. ಅದಕ್ಕಾಗಿ ಈ ಕತ್ತಲಲ್ಲಿ ಕುಳಿತು ದಿನವೂ ಅವನನ್ನು ನೆನೆಯುತ್ತೇನೆ.

ಕೃಷ್ಣವ್ವನಿಗೆ ಈಗ ಐದು ವರ್ಷ. ಇವತ್ತು ಅವಳ ಸರದಿ. ಅವಳು ಅಂಗಳದ ಆ ತುದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಾಳೆ, ಇಲ್ಲಿಗೆ ಬೆನ್ನು ಮಾಡಿ. ಅಮರಮ್ಮ ಸೂಜಿಯ ಚೀಲದ ಜಿಪ್ಪನ್ನು ಎಷ್ಟು ಸಾಧ್ಯವೋ ಅಷ್ಟು ಮೆಲ್ಲಗೆ ಎಳೆಯುತ್ತಿದ್ದಾಳೆ. ಒಂದಂಗುಲ ಎಳೆದಿರಬೇಕು, ಅಷ್ಟೇ.

“ಅಕೀ ಓಡಿದಳು ನೋಡು,” ಎಂದಳು ಮಾನಮ್ಮ. “ಎಂಥಾ ಕಿವಿ ಅದಾವವ್ವ ಅಕೀಗೆ.”

ಅಮರಮ್ಮ ಜಿಪ್ಪಿನ ಮೇಲೆ ಕೈಯಿಟ್ಟುಕೊಂಡು, ಅವಳನ್ನು ಹಿಡಿಯಲು ಏಳದೆ, ಆ ಓಡುವ ಹೆಜ್ಜೆಗಳನ್ನು ಕೇಳುತ್ತಾ ಕುಳಿತಿದ್ದಾಳೆ.